ಎಂಟನೆಯ ಸಲ ಪಾಸಾದವರು

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಅಮೆರಿಕದ ದೊಡ್ಡ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನ ಒಂದು ಸಾಮಾನ್ಯ ಟೂರ್ನಿಯಲ್ಲಿ ನೂರೈವತ್ತರ ಆಸುಪಾಸು ಆಟಗಾರರು ಗುರುವಾರ ಆಟ ಶುರು ಮಾಡುತ್ತಾರೆ. ಶುಕ್ರವಾರ ಸಂಜೆ ಪಟ್ಟಿಗೆ ಕತ್ತರಿ ಬೀಳುತ್ತದೆ. ಅದರ ಹೆಸರೇ ‘ಕಟ್’. ಬಹಳ ವರ್ಷ ಮೊದಲ ಎಪ್ಪತ್ತು ಮಂದಿ ಉಳಿಯುತ್ತಿದ್ದರು. 2019ರಲ್ಲಿ ಅದನ್ನು ಅರವತ್ತೈದಕ್ಕೆ ಇಳಿಸಿದರು. ಉಳಿದವರು ಶನಿವಾರ, ಭಾನುವಾರ ಆಡಿ ಹಣ ಹಂಚಿಕೊಳ್ಳುತ್ತಾರೆ. ಗೆದ್ದವನಿಗೆ ಒಟ್ಟು ಬಹುಮಾನದಲ್ಲಿ ಶೇಕಡಾ 18. ಎರಡನೆಯವನಿಗೆ ಹತ್ತಿರ ಹತ್ತಿರ ಶೇಕಡಾ 11. ಎಪ್ಪತ್ತನೆಯವನಿಗೆ ಶೇಕಡಾ ಒಂದರಲ್ಲಿ ಐದನೇ ಒಂದು ಪಾಲು. ಶುಕ್ರವಾರ ಕತ್ತರಿಗೆ ಸಿಕ್ಕವನಿಗೆ ಸೊನ್ನೆ. ಆದರೆ ಅವನೂ ವಿಮಾನದ ಟಿಕೆಟ್ ಕೊಂಡಿದ್ದಾನೆ, ಹೋಟೆಲಿನಲ್ಲಿ ಉಳಿದಿದ್ದಾನೆ. ಚೀಲ ಹೊತ್ತ ಕ್ಯಾಡಿಗೆ ವಾರದ ಸಂಬಳ ಕೊಡಲೇಬೇಕು.

ಪರೀಕ್ಷೆ, ಫಲಿತಾಂಶ, ಕಾಲೇಜು ಎಂದು ಮಾತಾಡುವ ಪುಟದಲ್ಲಿ ಗಾಲ್ಫ್ ಏಕೆ ಬಂತು ಎಂದು ಹುಬ್ಬೇರಿಸಬೇಡಿ. ಮಕ್ಕಳು ಕ್ರಿಕೆಟ್, ಸಂಗೀತ, ಚದುರಂಗ, ಸಿನಿಮಾ ಎಂದು ಹೊರಟಾಗ ತಂದೆ ತಾಯಿ ಕೇಳುವುದು ಒಂದೇ ಪ್ರಶ್ನೆ: ‘ಇವನು ಅದರಲ್ಲಿ ಮೊದಲನೆಯವನಾಗುತ್ತಾನಾ?’ ಈ ಪ್ರಶ್ನೆಗೆ ಉತ್ತರ ಬಹುತೇಕ ‘ಇಲ್ಲ’ ಎಂದೇ. ಮೊದಲನೆಯ ಸ್ಥಾನ ಇರುವುದೇ ಒಂದು. ಕೇಳಬೇಕಾದದ್ದು ಬೇರೆ: ಆ ಕಸುಬಿನಲ್ಲಿ ಎಪ್ಪತ್ತನೆಯವನು ಹೇಗೆ ಬದುಕುತ್ತಾನೆ? ಇದಕ್ಕೆ ಉತ್ತರ ಹುಡುಕಲು ಗಾಲ್ಫ್‌ನಷ್ಟು ಅನುಕೂಲವಾದ ಆಟ ಇನ್ನೊಂದಿಲ್ಲ. ಇಲ್ಲಿ ತಂಡವಿಲ್ಲ, ಸಂಬಳವಿಲ್ಲ, ಆಯ್ಕೆ ಸಮಿತಿಯ ಮರ್ಜಿಯೂ ಇಲ್ಲ. ಎಷ್ಟು ಹೊಡೆತದಲ್ಲಿ ಮುಗಿಸಿದೆ, ಎಷ್ಟು ದುಡ್ಡು ಬಂತು, ಅಷ್ಟೇ. ಎಲ್ಲರ ಲೆಕ್ಕವೂ ಬಹಿರಂಗ.

ಮೇಲಿನವನಿಗೂ ನಡುವಿನವನಿಗೂ ಇರುವ ಅಂತರವಾದರೂ ಎಷ್ಟು? ಇಡೀ ವರ್ಷದ ಸರಾಸರಿ ತೆಗೆದರೆ ದಿನಕ್ಕೆ ಸುಮಾರು ಎರಡು ಹೊಡೆತ. ಎಪ್ಪತ್ತು ಹೊಡೆತಗಳಲ್ಲಿ ಎರಡು! ನಮ್ಮ ಸಿಇಟಿಯಲ್ಲಿ ಒಂದು ಅಂಕ ತಪ್ಪಿದರೆ ರ‍್ಯಾಂಕು ನೂರಾರು ಮೆಟ್ಟಿಲು ಕೆಳಗಿಳಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನಡುವಿನ ಆಟಗಾರನಿಗೆ ಇಂಗ್ಲಿಷಿನಲ್ಲಿ ‘ಜರ್ನಿಮನ್’ ಎನ್ನುತ್ತಾರೆ. ಊರೂರು ಅಲೆಯುವುದರಿಂದ ಆ ಹೆಸರು ಬಂತೆಂದು ಅನೇಕರು ತಿಳಿದಿದ್ದಾರೆ, ಹಾಗಲ್ಲ. ಅದರ ಬೇರು ಫ್ರೆಂಚಿನಲ್ಲಿ ದಿನ ಎಂಬ ಅರ್ಥದ ಪದ. ಕಸುಬು ಕಲಿತು ಮುಗಿಸಿದ್ದಾನೆ, ಸ್ವಂತ ಅಂಗಡಿ ಇನ್ನೂ ಇಲ್ಲ, ದಿನದ ಕೂಲಿಗೆ ದುಡಿಯುತ್ತಾನೆ. ಹಳೆಯ ಯುರೋಪಿನಲ್ಲಿ ಅಂಥ ಬಡಗಿ, ಕಮ್ಮಾರ, ದರ್ಜಿಗಳಿಗೆ ಈ ಹೆಸರಿತ್ತು. ನಮ್ಮ ಮಾತಿನಲ್ಲಿ ದಿನಗೂಲಿಯ ಕಸುಬುದಾರ. ಕೆಲಸ ಬಾರದವನು ಎಂಬ ಅರ್ಥ ಅದರಲ್ಲಿ ಎಲ್ಲಿಯೂ ಇಲ್ಲ ಎನ್ನುವುದನ್ನು ಗಮನಿಸಿ.

ಅಂಥ ಒಬ್ಬರು ಟಾಡ್ ಹ್ಯಾಮಿಲ್ಟನ್. 1965ರ ಅಕ್ಟೋಬರ್‌ನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್‌ನಲ್ಲಿ ಹುಟ್ಟಿದರು. ಬೆಳೆದದ್ದು ಮಿಸಿಸಿಪ್ಪಿ ನದಿಯ ದಂಡೆಯ ಓಕ್ವಾಕಾ ಎಂಬ ಪುಟ್ಟ ಊರಿನಲ್ಲಿ. ಆ ಊರಿಗೆ ಇನ್ನೊಂದು ಕಾರಣಕ್ಕೆ ಹೆಸರಿದೆ: 1972ರಲ್ಲಿ ಅಲ್ಲಿಗೆ ಬಂದಿದ್ದ ಸರ್ಕಸ್ಸಿನ ಆನೆಗೆ ಸಿಡಿಲು ಬಡಿದು ಅದು ಸತ್ತಿತು, ಊರಿನವರು ಅಲ್ಲೇ ಅದಕ್ಕೊಂದು ಸ್ಮಾರಕ ಕಟ್ಟಿದರು. ಹ್ಯಾಮಿಲ್ಟನ್ ಗೆಲ್ಲುವವರೆಗೆ ಹೊರಗಿನವರಿಗೆ ಹೇಳಿಕೊಳ್ಳಲು ಆ ಊರಿಗೆ ಇದ್ದದ್ದು ಆ ಆನೆಯ ಕಥೆಯೇ ಇರಬೇಕು!

ಒಕ್ಲಹೋಮಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, 1987ರಲ್ಲಿ ವೃತ್ತಿಪರರಾದರು. ಕಾಲೇಜಿನಲ್ಲಿ ಹೆಸರು ಮಾಡಿದ ಹುಡುಗ ನೇರವಾಗಿ ದೊಡ್ಡ ಸರಣಿಗೆ ಹೋಗಿ ಆಡಬಹುದಲ್ಲ ಎಂದರೆ, ಆಗುವುದಿಲ್ಲ. ಅದಕ್ಕೆ ‘ಕಾರ್ಡ್’ ಬೇಕು. ಕಾರ್ಡ್ ಪಡೆಯಲು ಆಗ ಇದ್ದ ಮುಖ್ಯ ಬಾಗಿಲು ‘ಕ್ಯೂ ಸ್ಕೂಲ್’. ಹೆಸರಿಗೆ ಶಾಲೆ, ಪಾಠವಿಲ್ಲ, ಮೇಷ್ಟ್ರೂ ಇಲ್ಲ, ಬರೀ ಪರೀಕ್ಷೆ. ಎರಡು ಸುತ್ತಿನ ಸೋಸುವಿಕೆ ದಾಟಿದವರು ಕೊನೆಯ ಹಂತದಲ್ಲಿ ಆರು ದಿನ, 108 ಕುಳಿಗಳ ಆಟ ಆಡಬೇಕು. ಸುಮಾರು ಮೂವತ್ತು ಮಂದಿಗೆ ಕಾರ್ಡ್. ಶುಲ್ಕವೇ ಸಾವಿರಾರು ಡಾಲರ್. ಆರನೆಯ ದಿನ ಮೂರಡಿ ದೂರದ ಒಂದು ಚೆಂಡು ಕುಳಿಯ ಅಂಚು ಸವರಿ ಹೊರಗೆ ಉಳಿದರೆ ಮತ್ತೆ ಒಂದು ವರ್ಷ ಕಾಯಬೇಕು.

ಹ್ಯಾಮಿಲ್ಟನ್ ಈ ಪರೀಕ್ಷೆಗೆ ಕೂತರು, ಆಗಲಿಲ್ಲ. ಮತ್ತೆ ಕೂತರು. ಒಟ್ಟು ಏಳು ಸಲ ಆಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಏಳು ಸಲ ಫೇಲಾದವರ ಕಥೆ ಎಂದರೆ ನಮ್ಮ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ: ಬಾಡಿಗೆ ಕೋಣೆ, ಹಳೆಯ ಗೈಡುಗಳು, ಊರಿನಿಂದ ಬರುವ ಮನಿಯಾರ್ಡರು, ‘ಈ ಸಲ ಖಂಡಿತ’ ಎಂಬ ಪತ್ರ. ಹ್ಯಾಮಿಲ್ಟನ್ ಮಾಡಿದ್ದು ಅದಲ್ಲ. ಮನೆಯ ಬಾಗಿಲು ತೆರೆಯದಿದ್ದಾಗ ಅವರು ಏಷ್ಯಾಕ್ಕೆ ಬಂದರು. ಆಗ ‘ಏಷ್ಯಾ ಗಾಲ್ಫ್ ಸರ್ಕ್ಯೂಟ್’ ಎಂಬ ಸರಣಿ ದೇಶದಿಂದ ದೇಶಕ್ಕೆ ತಿರುಗುತ್ತಿತ್ತು. ನಮ್ಮ ಇಂಡಿಯನ್ ಓಪನ್ ಕೂಡ ಅದರ ಒಂದು ನಿಲ್ದಾಣ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದು, ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ ವೃತ್ತಿಪರರಾದರಲ್ಲ, ಅದೇ ಸರ್ಕ್ಯೂಟು. ಮರುವರ್ಷ, 1992ರಲ್ಲಿ, ಇಡೀ ಸರ್ಕ್ಯೂಟಿನ ಅಂಕಪಟ್ಟಿಯಲ್ಲಿ ಹ್ಯಾಮಿಲ್ಟನ್ ಮೊದಲಿಗರಾದರು. ಅದರಿಂದ ಜಪಾನಿನ ಸರಣಿಯಲ್ಲಿ ಆಡುವ ಹಕ್ಕು ಸಿಕ್ಕಿತು.

ಜಪಾನಿನಲ್ಲಿ ತೊಂಬತ್ತರ ದಶಕದಲ್ಲಿ ಗಾಲ್ಫ್‌ಗೆ ಹಣದ ಹೊಳೆ ಹರಿಯುತ್ತಿತ್ತು. ಅಮೆರಿಕ ಬಿಟ್ಟರೆ ಅಷ್ಟು ಬಹುಮಾನ ಕೊಡುತ್ತಿದ್ದ ಸರಣಿಗಳು ಬೆರಳೆಣಿಕೆಯಷ್ಟು. ಹ್ಯಾಮಿಲ್ಟನ್ ಅಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಡಿದರು. 1992ರಿಂದ 2003ರವರೆಗೆ ಹನ್ನೊಂದು ಟೂರ್ನಿ ಗೆದ್ದರು. ಅದರಲ್ಲಿ ನಾಲ್ಕು 2003 ಒಂದೇ ವರ್ಷದಲ್ಲಿ. ಮೂರು ಮಕ್ಕಳ ಸಂಸಾರ ಸಾಗಿದ್ದು ಈ ದುಡಿಮೆಯಿಂದ. ಅಮೆರಿಕದ ಪತ್ರಿಕೆಗಳಲ್ಲಿ ಅವರ ಹೆಸರು ಕಾಣದಿರಬಹುದು, ಆದರೆ ಬ್ಯಾಂಕಿನ ಪಾಸ್‌ಬುಕ್ಕಿಗೆ ಯಾವ ದೇಶದ ಪತ್ರಿಕೆಯಾದರೇನು?

ಹಾಗಾಗಿ ಆ ಏಳು ಫೇಲುಗಳನ್ನು ನೋಡುವ ರೀತಿಯೇ ಬದಲಾಗುತ್ತದೆ. ದುಡಿಯುತ್ತಾ, ಗೆಲ್ಲುತ್ತಾ, ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಾ ಎಂಟನೆಯ ಸಲ ಪರೀಕ್ಷೆಗೆ ಕೂರುವುದು ಒಂದು. ಅಪ್ಪನ ಪಿಂಚಣಿಯಲ್ಲಿ, ಬೇರೆ ಏನೂ ಮಾಡದೆ ಎಂಟನೆಯ ಸಲ ಕೂರುವುದು ಇನ್ನೊಂದು. ಎರಡಕ್ಕೂ ನಾವು ‘ಛಲ’ ಎಂಬ ಒಂದೇ ಮಾತು ಬಳಸುತ್ತೇವೆ. ಕೆಎಎಸ್, ಐಎಎಸ್ ಎಂದು ವರ್ಷಗಳನ್ನು ಕಳೆಯುತ್ತಿರುವ ಹುಡುಗರಿಗೆ ‘ಛಲ ಬಿಡಬೇಡ’ ಎಂದು ಸಲಹೆ ಕೊಡುವವರು, ‘ನಡುವೆ ಏನು ಮಾಡುತ್ತಿದ್ದೀಯ?’ ಎಂದೂ ಒಂದು ಮಾತು ಕೇಳಿದರೆ ಒಳ್ಳೆಯದಿತ್ತು.

2003ರ ಡಿಸೆಂಬರ್‌ನಲ್ಲಿ, ಮೂವತ್ತೆಂಟು ತುಂಬಿದ ಮೇಲೆ, ಎಂಟನೆಯ ಯತ್ನದಲ್ಲಿ ಹ್ಯಾಮಿಲ್ಟನ್‌ಗೆ ಕಾರ್ಡ್ ಸಿಕ್ಕಿತು. 2004ರಲ್ಲಿ ಅವರು ದೊಡ್ಡ ಸರಣಿಯ ‘ಹೊಸ ಹುಡುಗ’. ಮಾರ್ಚ್ ತಿಂಗಳಲ್ಲಿ ಫ್ಲೋರಿಡಾದ ಹೋಂಡಾ ಕ್ಲಾಸಿಕ್ ಟೂರ್ನಿಯಲ್ಲಿ ಕೊನೆಯ ಎರಡು ಕುಳಿಗಳಲ್ಲೂ ಬರ್ಡಿ ಹೊಡೆದು, ಅಂದರೆ ನಿಗದಿಗಿಂತ ಒಂದೊಂದು ಹೊಡೆತ ಕಡಿಮೆಯಲ್ಲಿ ಮುಗಿಸಿ, ಡೇವಿಸ್ ಲವ್ ಅವರನ್ನು ಒಂದೇ ಹೊಡೆತದಿಂದ ಹಿಂದೆ ಹಾಕಿದರು. ಬಹುಮಾನ 9 ಲಕ್ಷ ಡಾಲರ್. ಅಂದಿನ ನಮ್ಮ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿ. ಅದೇ ಟೂರ್ನಿಯಲ್ಲಿ ಎಪ್ಪತ್ತನೆಯ ಸ್ಥಾನದ ಬೆಲೆ ಸುಮಾರು 10 ಸಾವಿರ ಡಾಲರ್.

ಜುಲೈನಲ್ಲಿ ಬ್ರಿಟಿಷ್ ಓಪನ್. 1860ರಲ್ಲಿ ಶುರುವಾದ, ಗಾಲ್ಫ್‌ನ ಅತ್ಯಂತ ಹಳೆಯ ಚಾಂಪಿಯನ್‌ಷಿಪ್. ಆ ವರ್ಷ ಅದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ರಾಯಲ್ ಟ್ರೂನ್‌ನಲ್ಲಿ ನಡೆಯಿತು. ಮೊದಲ ಮೂರು ದಿನ ಹ್ಯಾಮಿಲ್ಟನ್ ಹೊಡೆದದ್ದು 71, 67, 67. ಶನಿವಾರ ಸಂಜೆ ಪಟ್ಟಿಯ ತುದಿಯಲ್ಲಿ ಅವರ ಹೆಸರು. ಒಂದು ಹೊಡೆತ ಹಿಂದೆ ಎರ್ನಿ ಎಲ್ಸ್. ದಕ್ಷಿಣ ಆಫ್ರಿಕಾದವರು, ಎರಡು ಸಲ ಅಮೆರಿಕದ ಓಪನ್, 2002ರಲ್ಲಿ ಇದೇ ಬ್ರಿಟಿಷ್ ಓಪನ್ ಗೆದ್ದವರು. ಒಂದು ಹೊಡೆತದ ಮುನ್ನಡೆ ಇದ್ದರೂ ಭಾನುವಾರ ಯಾರು ಗೆಲ್ಲಬೇಕು ಎಂದು ಜನ ಎಣಿಸಿದ್ದರೋ ಹೇಳಬೇಕಾಗಿಲ್ಲ.

ಭಾನುವಾರ ಹದಿನೇಳು ಕುಳಿ ಮುಗಿದಾಗಲೂ ಹ್ಯಾಮಿಲ್ಟನ್ ಒಂದು ಹೊಡೆತ ಮುಂದೆ. ಹದಿನೆಂಟನೆಯದರಲ್ಲಿ ಮೊದಲ ಹೊಡೆತ ಹಾದಿ ತಪ್ಪಿತು; ಒಂದು ಹೊಡೆತ ಹೆಚ್ಚಾಯಿತು. ಸಮ. ಎಲ್ಸ್ ಮುಂದೆ ಹನ್ನೆರಡು ಅಡಿ ದೂರದ ಒಂದು ಪಟ್ ಉಳಿದಿತ್ತು. ಅದು ಕುಳಿಗೆ ಬಿದ್ದಿದ್ದರೆ ಈ ಲೇಖನಕ್ಕೆ ಬೇರೆ ನಾಯಕರನ್ನು ಹುಡುಕಬೇಕಾಗುತ್ತಿತ್ತು. ಬೀಳಲಿಲ್ಲ. ಇಬ್ಬರದೂ 274.

ನಾಲ್ಕು ಕುಳಿಗಳ ಪ್ಲೇ ಆಫ್. ಹ್ಯಾಮಿಲ್ಟನ್ ಪಾರ್, ಪಾರ್, ಪಾರ್. ಪಾರ್ ಎಂದರೆ ಆ ಕುಳಿಗೆ ಇಷ್ಟು ಹೊಡೆತ ಸಾಕು ಎಂದು ನಿಗದಿಯಾದ ಸಂಖ್ಯೆ. ಚಪ್ಪಾಳೆಯೂ ಇಲ್ಲ, ನಷ್ಟವೂ ಇಲ್ಲ. ಮೂರನೆಯ ಕುಳಿಯಲ್ಲಿ ಎಲ್ಸ್ ಒಂದು ಹೊಡೆತ ಹೆಚ್ಚು ಹೊಡೆದರು. ಕೊನೆಯದರಲ್ಲಿ ಹ್ಯಾಮಿಲ್ಟನ್‌ರ ಚೆಂಡು ಗ್ರೀನ್‌ಗಿಂತ ಮುಂಚೆಯೇ ನಿಂತಿತು. ಕುಳಿ ಇನ್ನೂ ಮೂವತ್ತು ಗಜದಷ್ಟು ದೂರ. ದೊಡ್ಡ ಆಟಗಾರರು ಇಂಥಲ್ಲಿ ವೆಜ್ ಎಂಬ ಕೋಲು ತೆಗೆದು ಚೆಂಡನ್ನು ಎತ್ತರಕ್ಕೆ ಚಿಮ್ಮಿಸಿ ಕುಳಿಯ ಪಕ್ಕ ಮೆತ್ತಗೆ ಇಳಿಸುತ್ತಾರೆ. ಕಣ್ಣಿಗೆ ಹಬ್ಬ. ಆದರೆ ಸ್ಕಾಟ್ಲೆಂಡಿನ ಕಡಲಂಚಿನ ಹುಲ್ಲುನೆಲ ಗಟ್ಟಿ. ಕೋಲಿನ ಅಂಚು ಕೂದಲೆಳೆಯಷ್ಟು ತಪ್ಪಿದರೂ ಚೆಂಡು ಎಲ್ಲಿಗೋ ಹೋಗುತ್ತದೆ. ಹ್ಯಾಮಿಲ್ಟನ್ ಹೊರತೆಗೆದದ್ದು ಹೈಬ್ರಿಡ್. ದಪ್ಪ ತಲೆಯ, ದೂರ ಹೊಡೆಯಲು ಮಾಡಿದ ಕೋಲು ಅದು. ಅದನ್ನು ಪಟರ್ ಹಿಡಿದಂತೆ ಹಿಡಿದು ಚೆಂಡನ್ನು ನೆಲದ ಮೇಲೆಯೇ ಉರುಳಿಸಿದರು. ನಮ್ಮ ಹುಡುಗರು ಗೋಲಿ ಆಡುವಾಗ ನೆಲ ನೋಡಿ ಉರುಳಿಸುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆ. ಏರುತ್ತಾ ಇಳಿಯುತ್ತಾ ಹೋದ ಚೆಂಡು ಕುಳಿಯಿಂದ ಎರಡಡಿ ದೂರದಲ್ಲಿ ನಿಂತಿತು. ಇನ್ನೊಂದು ಪಾರ್. ಒಂದು ಹೊಡೆತದಿಂದ ಹ್ಯಾಮಿಲ್ಟನ್ ಚಾಂಪಿಯನ್. ಬಹುಮಾನ 7 ಲಕ್ಷ 20 ಸಾವಿರ ಪೌಂಡ್, ಆಗಿನ ಆರು ಕೋಟಿ ರೂಪಾಯಿ.

ಆ ಹೊಡೆತದ ಬಗ್ಗೆ ನನಗಿರುವ ಅಭಿಪ್ರಾಯ ಹೇಳಿಬಿಡುತ್ತೇನೆ. ಅದು ಸೊಗಸಿನ ಹೊಡೆತವಲ್ಲ. ಹದಿನೇಳು ವರ್ಷ ಬೇರೆ ಬೇರೆ ದೇಶಗಳ ಬೇರೆ ಬೇರೆ ಹುಲ್ಲಿನ ಮೇಲೆ ಕೂಲಿ ದುಡಿದವನಿಗೆ, ಯಾವ ಕೆಲಸಕ್ಕೆ ಯಾವ ಹತಾರ ಕೈಕೊಡುವುದಿಲ್ಲ ಎಂಬುದು ಗೊತ್ತಿರುತ್ತದೆ. ನೋಡುವವರು ಏನೆಂದುಕೊಂಡಾರು ಎಂಬ ಚಿಂತೆ ಅವನಿಗೆ ಇರುವುದಿಲ್ಲ.

ವರ್ಷದ ಕೊನೆಗೆ ಪಿಜಿಎ ಟೂರ್ ಅವರನ್ನು ‘ವರ್ಷದ ಶ್ರೇಷ್ಠ ಹೊಸ ಆಟಗಾರ’ ಎಂದು ಆರಿಸಿತು. ಆಗ ಅವರಿಗೆ ಮೂವತ್ತೊಂಬತ್ತು!

ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆದರೆ ಹ್ಯಾಮಿಲ್ಟನ್ ಪಿಜಿಎ ಟೂರ್‌ನಲ್ಲಿ ಆಮೇಲೆ ಒಂದು ಟೂರ್ನಿಯನ್ನೂ ಗೆಲ್ಲಲಿಲ್ಲ. ಬ್ರಿಟಿಷ್ ಓಪನ್ ಗೆದ್ದವರಿಗೆ ಐದು ವರ್ಷ ಕಾರ್ಡಿನ ಚಿಂತೆ ಇಲ್ಲ. ಆ ಐದು ವರ್ಷ ಮುಗಿದ ಮೇಲೆ ಮತ್ತೆ ಎರಡನೆಯ ದರ್ಜೆಯ ಸರಣಿಗೆ ಇಳಿದರು. ತಮ್ಮ ಅರ್ಧ ವಯಸ್ಸಿನ ಹುಡುಗರ ಜೊತೆ, ಸಣ್ಣ ಬಹುಮಾನಕ್ಕೆ. 2015ರಲ್ಲಿ ಐವತ್ತು ತುಂಬಿದ ಮೇಲೆ ಹಿರಿಯರ ಸರಣಿಯಲ್ಲೂ ಕೈಯಾಡಿಸಿದರು. ಆಗಿನ ನಿಯಮದಂತೆ ಬ್ರಿಟಿಷ್ ಓಪನ್ ಗೆದ್ದವರು ಅರವತ್ತರವರೆಗೂ ಅದರಲ್ಲಿ ಆಡಬಹುದಿತ್ತು. 2024ರಲ್ಲಿ ಟೂರ್ನಿ ಟ್ರೂನ್‌ಗೆ ಮರಳಿದಾಗ ಐವತ್ತೆಂಟರ ಹ್ಯಾಮಿಲ್ಟನ್ ಕೂಡ ಪಟ್ಟಿಯಲ್ಲಿದ್ದರು.

‘ಅದೊಂದು ಆಕಸ್ಮಿಕ ಗೆಲುವು, ಅದೃಷ್ಟ’ ಎಂದವರು ಇದ್ದಾರೆ. ಜಪಾನಿನ ಹನ್ನೊಂದು ಗೆಲುವುಗಳನ್ನು ಅವರು ಓದಿರಲಿಕ್ಕಿಲ್ಲ. ಹಾಗೆಂದು ‘ಪ್ರಯತ್ನ ಮಾಡಿದರೆ ಎಲ್ಲರಿಗೂ ಸಿಕ್ಕೇ ಸಿಗುತ್ತದೆ’ ಎಂದು ಮಕ್ಕಳಿಗೆ ಹೇಳಲು ಈ ಕಥೆ ಬಳಸುವುದೂ ಸರಿಯಲ್ಲ. ಕ್ಯೂ ಸ್ಕೂಲಿನಲ್ಲಿ ಎಂಟು ಸಲ ಕೂತೂ ಆಗದೆ ಮನೆಗೆ ಹೋದವರೂ ಇದ್ದೇ ಇದ್ದಾರೆ. ಅವರ ಬಗ್ಗೆ ಯಾರೂ ಅಂಕಣ ಬರೆಯುವುದಿಲ್ಲ. ಈಗಂತೂ ಆ ಬಾಗಿಲು ಇನ್ನೂ ಕಿರಿದು. 2013ರಿಂದ ಹತ್ತು ವರ್ಷ ಕ್ಯೂ ಸ್ಕೂಲಿನಿಂದ ನೇರವಾಗಿ ದೊಡ್ಡ ಸರಣಿಗೆ ಹೋಗುವ ದಾರಿಯನ್ನೇ ಮುಚ್ಚಿದ್ದರು. 2023ರಲ್ಲಿ ತೆರೆದರು, ಆದರೆ ಮೂವತ್ತರ ಬದಲು ಐದೇ ಕಾರ್ಡಿನ ಲೆಕ್ಕ.

ನಮ್ಮಲ್ಲಿ ಹೇಗೆ? ಗಾಲ್ಫ್ ಎಂದರೆ ಶ್ರೀಮಂತರ ಆಟ ಎಂಬ ಮಾತು ಅರ್ಧ ನಿಜ. ಕ್ಲಬ್ಬಿನ ಸದಸ್ಯತ್ವ, ಕೋಲುಗಳ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಭಾರತದ ವೃತ್ತಿಪರರಲ್ಲಿ ಅಲಿ ಶೇರ್‌ರಂತೆ ಕ್ಯಾಡಿಗಳಾಗಿ ಬಂದವರು ಬಹಳ. ಬೆಂಗಳೂರಿನ ಸಿ. ಮುನಿಯಪ್ಪ ಅವರನ್ನೇ ನೋಡಿ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಬೇರೆಯವರ ಚೀಲ ಹೊತ್ತವರು. 2009ರಲ್ಲಿ ಗುರಗಾಂವ್‌ನಲ್ಲಿ ನಡೆದ ಇಂಡಿಯನ್ ಓಪನ್‌ನಲ್ಲಿ ಕೊರಿಯಾದ ಲೀ ಸಂಗ್ ಅವರನ್ನು ಪ್ಲೇ ಆಫ್‌ನಲ್ಲಿ ಸೋಲಿಸಿ ಪ್ರಶಸ್ತಿ ಎತ್ತಿದರು. ಕೋಲ್ಕತ್ತದ ರಾಹಿಲ್ ಗಂಗಜೀ ಅವರದು ಇನ್ನೊಂದು ಬಗೆ. ಏಷ್ಯನ್ ಟೂರ್‌ನಲ್ಲಿ 2004ರಲ್ಲಿ ಚೀನಾದಲ್ಲಿ ಗೆದ್ದರು. ಮುಂದಿನ ಗೆಲುವು ಬಂದದ್ದು 2018ರಲ್ಲಿ, ಜಪಾನಿನಲ್ಲಿ. ನಡುವೆ ಹದಿನಾಲ್ಕು ವರ್ಷ. ಆ ಹದಿನಾಲ್ಕು ವರ್ಷವೂ ಗುರುವಾರ ಬಂದರೆ ಚೀಲ ತೆಗೆದುಕೊಂಡು ಮೈದಾನಕ್ಕೆ ಹೋಗಬೇಕಲ್ಲ, ಅದನ್ನು ಯೋಚಿಸಿ.

ಭಾರತದ ವೃತ್ತಿಪರ ಸರಣಿಯನ್ನು 2006ರಲ್ಲಿ ಸ್ಥಾಪನೆಯಾದ ಪಿಜಿಟಿಐ ಸಂಸ್ಥೆ ನಡೆಸುತ್ತದೆ. ಅದಕ್ಕೂ ಒಂದು ಅರ್ಹತಾ ಪರೀಕ್ಷೆ ಇದೆ. ಆಟದ ಜೊತೆಗೆ ಕಲಿಸುವ ಕೆಲಸವೂ ಇದೆ; ತರಬೇತುದಾರರಿಗೆ ಪ್ರಮಾಣಪತ್ರ ಕೊಡುವ ನ್ಯಾಷನಲ್ ಗಾಲ್ಫ್ ಅಕಾಡೆಮಿ ಇದೆ. ಕಟ್ ತಪ್ಪಿದ ವಾರಗಳಲ್ಲಿ ಅಕ್ಕಿ ಬೇಳೆ ತರುವುದು ಎಷ್ಟೋ ಮಂದಿಗೆ ಈ ಪಾಠ ಹೇಳುವ ಕೆಲಸವೇ.

ನಿಮ್ಮ ಮಗನೋ ಮಗಳೋ ಈ ಆಟದ ಹುಚ್ಚು ಹಚ್ಚಿಕೊಂಡಿದ್ದರೆ ಒಂದು ಕೆಲಸ ಮಾಡಿ. ವರ್ಷದಲ್ಲಿ ಯಾರು ಎಷ್ಟು ಗಳಿಸಿದರು ಎಂಬ ಪಟ್ಟಿಯನ್ನು ಪಿಜಿಟಿಐ ಪ್ರಕಟಿಸುತ್ತದೆ. ಮೊದಲ ಹೆಸರು ಬಿಡಿ, ಐವತ್ತನೆಯ ಹೆಸರಿನ ಎದುರಿಗಿರುವ ಅಂಕಿ ಬರೆದುಕೊಳ್ಳಿ. ಪ್ರಯಾಣ, ಹೋಟೆಲು, ಕ್ಯಾಡಿಯ ಖರ್ಚು ಕಳೆದು ಹನ್ನೆರಡರಿಂದ ಭಾಗಿಸಿ. ಬಂದ ಉತ್ತರವನ್ನು ಬೈಗುಳವಿಲ್ಲದೆ, ಉಪದೇಶವಿಲ್ಲದೆ ಮಕ್ಕಳ ಮುಂದೆ ಇಡಿ. ಮರುದಿನವೂ ಬೆಳಿಗ್ಗೆ ಐದಕ್ಕೆ ಅವರೇ ಎದ್ದು ಮೈದಾನಕ್ಕೆ ಹೊರಟರೆ, ಆಗ ಕೋಲುಗಳ ಬೆಲೆ ವಿಚಾರಿಸಿ. ಮೊದಲಿಗೆ ಹಳೆಯ ಸೆಟ್ ಸಾಕು.